ಹನ್ನೊಂದನೆಯ ಸ್ಲೈಡು

ಮಲ್ಪೆಯಿಂದ ಮಣಿಪಾಲದ ಆ ಹೋಟೆಲಿಗೆ
ಎರಡು ಬಸ್ಸು, ಒಂದು ರಿಕ್ಷಾ.
ವಾರಿಜಕ್ಕ ಸೆರಗಿಗೆ ಸೆಂಟು ಹಾಕಿಕೊಂಡಿದ್ದರು,
ಮೂರು ಸಲ ಕೇಳಿದರು: ವಾಸನೆ ಬರ್ತದಾ?
ಇಲ್ಲ ಅಂದೆ.
ಬರ್ತಿತ್ತು. ಅವರಿಂದಲ್ಲ, ನನ್ನ ತೊಡೆಯ ಮೇಲಿನ ಚೀಲದಿಂದ.
ಆ ಚೀಲವೇ ನಮ್ಮ ಸರಕು:
ಬೋಟಿನವರು ಬಿಸಾಡಿದ ನೈಲಾನು ಬಲೆ,
ಏಳು ನೀರಿನಲ್ಲಿ ತೊಳೆದು ಹೊಲಿದದ್ದು.
ಎಂಟನೆಯ ನೀರಿಗೂ ಕಡಲು
ಪೂರ್ತಿ ಬಿಟ್ಟುಕೊಡುವುದಿಲ್ಲ.

ತಣ್ಣನೆಯ ಹಾಲಿನಲ್ಲಿ ನಮ್ಮ ನಂಬರು ಒಂಬತ್ತು.
ಎಂಟನೆಯವನು ನಲವತ್ತು ನಿಮಿಷದಲ್ಲಿ
ಮನೆ ಬಾಗಿಲಿಗೆ ಮೀನು ಮುಟ್ಟಿಸುತ್ತಾನಂತೆ.
ವಾರಿಜಕ್ಕ ನನ್ನ ಕಿವಿಗೆ ಬಾಗಿ,
"ಬೂತಾಯಿ ಮಾರಲಿಕ್ಕೆ ಇವನಿಗೆ ಆರು ಕೋಟಿ ಎಂತಕ್ಕೆ?
ನನ್ನ ಅಮ್ಮನಿಗೆ ಒಂದು ಬುಟ್ಟಿ ಸಾಕಿತ್ತು."

ಹತ್ತನೆಯವಳು ಗಂಗೊಳ್ಳಿಯ ಶರ್ಮಿಳಾ ಖಾರ್ವಿ.
ಕಿವಿ ಕೇಳದ ಹುಡುಗರು ನಡೆಸುವ ಬೇಕರಿ ಅವಳದು.
ಡಬ್ಬಿ ತೆರೆದು ನಮಗೊಂದೊಂದು ಬಿಸ್ಕೆಟು ಕೊಟ್ಟಳು.
ಚೆನ್ನಾಗಿತ್ತು.
ಚೆನ್ನಾಗಿದ್ದದ್ದೇ ಕಷ್ಟವಾಯಿತು.
ಇರುವುದು ಒಂದೇ ಚೆಕ್ಕು;
ಬಾಯಿ ತುಂಬ ಅವಳ ಬೆಣ್ಣೆ ಇಟ್ಟುಕೊಂಡೇ
ಇವಳು ಸೋಲಲಿ ಅಂತ
ನಾನು ಒಂದು ಕ್ಷಣ ಬಯಸಿದೆ.

ಐದು ನಿಮಿಷ, ಹನ್ನೊಂದು ಸ್ಲೈಡು.
ಒಂದನೆಯದರಲ್ಲಿ ಕಡಲು. ಎರಡನೆಯದರಲ್ಲಿ ಬಲೆಗೆ ಸಿಕ್ಕಿ ಸತ್ತ ಆಮೆ
(ಅದು ಇರಲೇಬೇಕಂತೆ, ಕಲಿಸಿದವರು ಹೇಳಿದ್ದು).
ಆರನೆಯದರಲ್ಲಿ ನಾವು ಇಪ್ಪತ್ತಮೂರು ಹೆಂಗಸರು,
ಬಿಸಿಲಿಗೆ ಕಣ್ಣು ಕಿರಿದಾಗಿ.
ಕೊನೆಯದರಲ್ಲಿ ಬರೀ ಒಂದು ಅಂಕಿ.
ಹದಿನೆಂಟು ಲಕ್ಷ.
ಅದು ಪರದೆಗೆ ಬಂದದ್ದೇ ನನ್ನ ದನಿ
ಯಾರದೋ ಜಗಲಿಯ ಕೆಳಗೆ ಕೈಗಡಕ್ಕೆ ನಿಂತವಳ ಹಾಗೆ
ಸಣ್ಣಗಾಯಿತು.

ನೀವು ಧರ್ಮವೋ, ದಂಧೆಯೋ? ಕೇಳಿದರು ಕನ್ನಡಕದವರು.
ಎಂತ ಹೇಳುವುದು?
ದಾನದ ಟ್ರಸ್ಟಿನವರು ಹೇಳಿದ್ದರು: ನೀವು ಲಾಭ ಮಾಡುತ್ತೀರಿ, ನಿಯಮದಲ್ಲಿ ಇಲ್ಲ.
ಬ್ಯಾಂಕಿನವರು: ಈ ಲಾಭ ಸಾಲುವುದಿಲ್ಲ, ಅಡವಿಗೆ ಎಂತ ಉಂಟು?
ಈಗ ಇವರು:
ಪೇಟೆಯಲ್ಲಿ ಚೀಲ ತೊಂಬತ್ತು ರೂಪಾಯಿಗೆ ಸಿಗುವಾಗ
ನಿಮ್ಮದಕ್ಕೆ ನಾನೂರು ಯಾರು ಕೊಡುತ್ತಾರೆ?
ನಾಳೆ ದೊಡ್ಡ ಕಂಪೆನಿ ಇದನ್ನೇ ಮಾಡಿದರೆ?

ನನಗೆ ನೀರು ಬೇಕಾಯಿತು. ವಾರಿಜಕ್ಕ ಎದ್ದು ನಿಂತರು.
"ರಂಪಣಿ ನೋಡಿದ್ದೀರಾ ನೀವು?
ಅಷ್ಟು ದೊಡ್ಡ ಬಲೆ ಒಬ್ಬನದಲ್ಲ ಮಾರಾಯ್ರೆ.
ಮನೆಗೊಂದು ತುಂಡು. ತಂದು, ಜೋಡಿಸಿ, ಊರೇ ಎಳೆಯುವುದು.
ಎಳೆಯಲಾಗದ ಮುದುಕಿಗೂ
ತುಂಡು ಕೊಟ್ಟಿದ್ದರೆ ಪಾಲು.
ಅದು ಧರ್ಮವೋ ದಂಧೆಯೋ ಅಂತ ನನ್ನ ಅಜ್ಜ ಕೇಳಲಿಲ್ಲ.
ಮೀನು ಉಂಟಾ ಅಂತ ಕೇಳಿದ್ದು."

ಗಂಟೆ ಹೊಡೆಯಿತು. ಜೋರು ಚಪ್ಪಾಳೆ.
ಚಪ್ಪಾಳೆಗೆ ಬಡ್ಡಿ ಇಲ್ಲ,
ಅಸಲೂ ಇಲ್ಲ.

ಚೆಕ್ಕು ನಲವತ್ತು ನಿಮಿಷದವನಿಗೆ ಹೋಯಿತು.

ಟೈಗರ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ
ಶರ್ಮಿಳಾ ಡಬ್ಬಿ ಹಿಡಿದು ಹತ್ತಿರ ಬಂದಳು.
ದೀಪಾವಳಿಗೆ ಬಿಸ್ಕೆಟು ಹಾಕಿ ಕೊಡಲಿಕ್ಕೆ ಇನ್ನೂರು ಸಣ್ಣ ಚೀಲ ಬೇಕಿತ್ತು,
ನೂರೈವತ್ತಕ್ಕೆ ಆಗ್ತದಾ? ಅರ್ಧ ಮುಂಗಡ ಕೊಡುತ್ತೇನೆ.
ಅವಳ ಕಣ್ಣು ನೋಡಲಿಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ.
ಹದಿನೈದು ಸಾವಿರ: ಹದಿನೆಂಟು ಲಕ್ಷದಲ್ಲಿ
ನೂರ ಇಪ್ಪತ್ತನೆಯ ಒಂದು ತುಂಡು.
ತೋರಿಸೋಣವೆಂದರೆ ವಾರಿಜಕ್ಕ
ಇಂದ್ರಾಳಿ ಬರುವ ಮೊದಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು.
ಸೆಂಟು ಆರಿಹೋಗಿತ್ತು.
ಮುಂದಿನ ಸೀಟಿನವರು ಮೂಗು ಮುಚ್ಚಿ ಹಿಂದೆ ತಿರುಗಿದರು.
ಚೀಲವನ್ನು ಕಾಲಿನಡಿಗೆ ತಳ್ಳಲಿಲ್ಲ ನಾನು.
ಸೋಮವಾರ ಹೊಲಿಗೆ ಮಿಷನಿನ ಕಂತು ಕಟ್ಟಬೇಕು.